ಮುದ್ದೆಮಾಲು ಪಟ್ಟಿ

ಚಿಲೋಎ ದ್ವೀಪ, ಕಾಸ್ತ್ರೊ ಊರಿನ ಕೋರ್ಟಿನಲ್ಲಿ
ನಾನು ಬೆರಳಚ್ಚುಗಾರ್ತಿ;
ಇಪ್ಪತ್ತೆರಡು ವರ್ಷ ಬೇರೆಯವರ ಬಾಯಿಗೆ ಬೆರಳಾದವಳು.
ಇವತ್ತು ಹೊಡೆದದ್ದು ಮುದ್ದೆಮಾಲಿನ ಪಟ್ಟಿ:
ಬಿಳಿ ಕೋಟು, ಜೇಬಿನ ಮೇಲೆ ನೀಲಿ ದಾರದ ಹೆಸರು,
ಸ್ಟೆತಾಸ್ಕೋಪು, ತುದಿಯಲ್ಲಿ ಇನ್ನೂ ಅವನ ಕಿವಿಯ ಗುಗ್ಗೆ,
ಸಾಂತಿಯಾಗೊದ ಸತ್ತ ವೈದ್ಯನೊಬ್ಬನ
ನೋಂದಣಿ ಸಂಖ್ಯೆಯ ರಬ್ಬರ್ ಮೊಹರು,
ಔಷಧಿ ಚೀಟಿ ನೂರಾ ಹನ್ನೆರಡು.

ನೂರಾ ಹದಿಮೂರನೆಯದು ನನ್ನ ಕೈಚೀಲದಲ್ಲಿದೆ.

ಕಟಕಟೆಯಲ್ಲಿ ಎಲಿಸಿಯೊ ಮಾನ್ಸಿಯಾ.
ಮೊದಲು ಸಾಲ್ಮನ್ ಮೀನಿನ ಕಾರ್ಖಾನೆಯಲ್ಲಿದ್ದ.
ಸಾಲುಗಟ್ಟಿ ಬರುವ ಮರಿಗಳ ಹೊಟ್ಟೆಗೆ ಲಸಿಕೆ ಚುಚ್ಚುವ ಕೆಲಸ,
ದಿನಕ್ಕೆ ಹತ್ತು ಸಾವಿರ,
ಒಂದೂ ಒದ್ದಾಡದ ಹಾಗೆ.
ಅದಕ್ಕೇ ಇರಬೇಕು, ಮುದುಕಿಯರು ಅನ್ನುತ್ತಿದ್ದರು:
ಡಾಕ್ಟರ ಸೂಜಿ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ.

ಸಾಕ್ಷಿ ಹೇಳಲು ಬಂದಳು ಒರ್ಫೆಲಿನಾ ನವೆಲ್ಕಿನ್.
'ಅವತ್ತು ಗಾಳಿ. ದೋಣಿ ನಿಂತಿತ್ತು. ಕೂಸು ಅಡ್ಡ ಬಂದಿತ್ತು.
ತಿರುಗಿಸಿದ. ಈಗವಳು ಮೂರನೇ ಕ್ಲಾಸು.
ಆತನದು ಕೈಗುಣ, ತಾಯಿ.'
ಕೈಗುಣಕ್ಕೆ ದಂಡಸಂಹಿತೆಯಲ್ಲಿ ಕಲಮಿಲ್ಲ.
ದಾಖಲೆಗೆ ಬೇಡ, ಅಂದರು ನ್ಯಾಯಾಧೀಶೆ.
ಹೊಡೆದಾಗಿತ್ತು. ಅಳಿಸಿದೆ.

ಆಮೇಲೆ ಕಾರ್ಕಮೊನ ಹೆಂಡತಿ.
ಅವಳು ಏನೂ ಹೇಳಲಿಲ್ಲ.
ಗಂಡನ ಎದೆನೋವಿಗೆ 'ಗ್ಯಾಸು' ಎಂದು ಬರೆದ ಚೀಟಿ
ಮೇಜಿನ ಮೇಲಿಟ್ಟಳು:
ಸೋಡಾ, ಪುದೀನಾ ಕಷಾಯ, ಎರಡು ದಿನ ವಿಶ್ರಾಂತಿ.
ಮೊದಲನೇ ರಾತ್ರಿಗೇ ವಿಶ್ರಾಂತಿ ಮುಗಿಯದಾಯಿತು.
ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.
ಅಲ್ಲೇ ಸಂಶಯ ಬರಬೇಕಿತ್ತು ನಮಗೆ.

ತೀರ್ಪು: ವೈದ್ಯನ ವೇಷಕ್ಕೆ ಐನೂರ ನಲವತ್ತು ದಿನ.
ಕಾರ್ಕಮೊನ ಸಾವಿಗೆ ಬೇರೆ ಲೆಕ್ಕ, ಮೂರು ವರ್ಷ.
ಮೊಹರನ್ನು ನಾಶಪಡಿಸತಕ್ಕದ್ದು.
ಚೀಟಿಗಳೆಲ್ಲ ಮೊದಲಿನಿಂದಲೂ ಅನೂರ್ಜಿತ.

ಅನೂರ್ಜಿತ.
ಅಲ್ಲಿ ಬೆರಳು ಒಂದು ಕ್ಷಣ ತಡೆಯಿತು.
ತಲೆ ಎತ್ತಿದರೆ, ಬೇಡಿ ಹಾಕಿಸಿಕೊಳ್ಳುತ್ತಿದ್ದವನು
ಎರಡು ಬೆರಳಲ್ಲಿ ತನ್ನದೇ ನಾಡಿ ಮುಟ್ಟಿ
ನನ್ನ ಕಡೆ ಹುಬ್ಬು ಹಾರಿಸಿದ:
ಬೆಳಗಿನದು ತಗೊಂಡಿರಾ?

ಮನೆಯಲ್ಲಿ ಈಗ ಅಂಗೈ ಮೇಲೆ ಅರ್ಧ ಮಾತ್ರೆ.
ರಕ್ತದ ಒತ್ತಡ ಆರು ತಿಂಗಳಿಂದ ಇಳಿದಿದೆ,
ಅದರಿಂದಲೋ, ಅದಿಲ್ಲದೆಯೂ ಇಳಿಯುತ್ತಿತ್ತೋ.
ಚೀಟಿ ಬಚ್ಚಿಟ್ಟದ್ದಕ್ಕೆ ಯಾವ ಕಲಮು ಎಂದು ಬಲ್ಲೆ,
ಎಷ್ಟೋ ಸಲ ನಾನೇ ಹೊಡೆದಿದ್ದೇನೆ.
ಅವನು ಬರೆದ ವೇಳೆ ರಾತ್ರಿ ಎಂಟು.
ಎಂಟೂಕಾಲಾಯಿತು.