ಸ್ಟೂಲು ಅಲ್ಲೇ ಇರಲಿ

ಭಟ್ಟಿಯ ಹೊಗೆ ಓಣಿಗೆ ಇಳಿಯುವ ಮುಂಚೆ
ಚಿಲಕದ ಸದ್ದಿಗೇ ಏಳುತ್ತದೆ ಗಿರಣಿ.
ನಾಯಿಯ ಹೆಸರು ಅದು.
ಮುಚ್ಚಿದ ಹತ್ತಿ ಗಿರಣಿಯ ಗೋಡೆ ಪಕ್ಕ ಸಿಕ್ಕಿದ್ದಕ್ಕೆ.
ಓಣಿಯ ಹಿರಿಯರಿಗೆ ಮೊದಮೊದಲು ಸಿಟ್ಟು:
'ಅನ್ನ ಕೊಟ್ಟ ಹೆಸರವ್ವಾ, ನಾಯಿಗಿಡ್ತಾರೇನು?'
ಅನ್ನ ಕೊಟ್ಟ ಹೆಸರು ಅಂತಲೇ ಇಟ್ಟೆ, ಅಂದೆ.

ಮೊದಲು ಕಿವಿ.
ಮಡಿಸಿ ಹೊಲಿದ ಅಂಚು ಬಿಚ್ಚುವ ಹಾಗೆ
ಒಂದೊಂದೇ ಮಗುಚಿ ಹುಡುಕುತ್ತೇನೆ.
ಉಣ್ಣೆ ಅಂದರೆ ಗಿರಾಕಿಗಳಿಗೆ ಸ್ವೆಟರು,
ನನಗೆ ಬೆಳಗಿನ ಕೆಲಸ.
ಕಿತ್ತು ಕಿತ್ತು ಸೋಪುನೀರಿನ ಲೋಟಕ್ಕೆ ಹಾಕಿ ಎಣಿಸಿದರೆ
ಇವತ್ತು ಏಳು.

ಮೂರು ತಿಂಗಳಿಗೊಮ್ಮೆ ಜಂತುಹುಳದ ಗುಳಿಗೆ.
ಬೆಣ್ಣೆಯೊಳಗೆ ಹುದುಗಿಸಿ ಕೊಟ್ಟೆ, ಬೆಣ್ಣೆ ಹೋಯಿತು.
ದೋಸೆಯಲ್ಲಿ ಸುತ್ತಿ ಕೊಟ್ಟೆ, ದೋಸೆಯೂ ಹೋಯಿತು,
ಗುಳಿಗೆ ಮಾತ್ರ ಅಂಗಿಯಿಂದ ಉದುರಿದ ಗುಂಡಿಯ ಹಾಗೆ
ನೆಲದ ಮೇಲೆ, ತೊಳೆದಿಟ್ಟಷ್ಟು ಬೆಳ್ಳಗೆ.
ದಾವಣಗೆರೆಯ ನಾಯಿಗೆ
ಬೆಣ್ಣೆಯಲ್ಲಿ ಮೋಸ ಮಾಡಲಾದೀತೆ?
ಕೊನೆಗೆ ಪಶು ಆಸ್ಪತ್ರೆಯ ಕಾಂಪೌಂಡರ್ ಹಾಲೇಶಪ್ಪ
ದವಡೆ ಹಿಡಿದು, ನಾಲಗೆಯ ಬುಡಕ್ಕೆ ತಳ್ಳಿ, ಬಾಯಿ ಮುಚ್ಚಿ,
'ಮೂಗಿನ ಮ್ಯಾಲೆ ಉಫ್ ಅಂತ ಊದ್ರಿ, ನುಂಗತೈತಿ' ಅಂದರು.
ನುಂಗಿತು.
ಅರ್ಧ ದಿನ ನನ್ನ ಜೊತೆ ಮಾತು ಬಿಟ್ಟಿತು.

ಬೆಕ್ಕಿನದು ಬೇರೆ ಲೆಕ್ಕ.
ಹಗಲು ನಿದ್ದೆ ನಮ್ಮಲ್ಲಿ, ರಾತ್ರಿಪಾಳಿ ಮಂಡಕ್ಕಿ ಭಟ್ಟಿಯಲ್ಲಿ.
ಬೆಳಗ್ಗೆ ಬರುವಾಗ ಮೈಯೆಲ್ಲ ಕಾದ ಮರಳಿನ ವಾಸನೆ,
ಬೆನ್ನ ಮೇಲೆ ಮಸಿ, ಮೀಸೆಗೆ ಒಂದೇ ಒಂದು ಮಂಡಕ್ಕಿ.
ಭಟ್ಟಿಯ ದಾದಾಪೀರ್‌ಗೆ ಅದು ರಾಣಿ, ನನಗೆ ಸೂಜಿ.
ಎರಡು ಹೆಸರಿಗೂ ತಿರುಗುವುದಿಲ್ಲ.
ನೀರಿನ ತಂಬಿಗೆ ಮುಟ್ಟಿದರೆ ಕಪಾಟಿನ ಮೇಲೆ;
ಆದ್ದರಿಂದ ಒದ್ದೆ ಅರಿವೆ, ಹಳೇ ಬಾಚಣಿಗೆ,
ಕಣ್ಣು ಅರ್ಧ ಮುಚ್ಚಿದಾಗ ಮೆಲ್ಲಗೆ ಪಂಜ ಒತ್ತಿ ಉಗುರು.
ಬಟ್ಟೆಯ ಕತ್ತರಿಯನ್ನು ಕಾಗದ ಕತ್ತರಿಸಲು
ಗಂಡನಿಗೂ ಕೊಟ್ಟವಳಲ್ಲ ನಾನು.
ಇದಕ್ಕಂತ ಚಿಕ್ಕದೊಂದು ಬೇರೆ ಇದೆ.
ಒಳಗಿನ ಗುಲಾಬಿ ಗೆರೆಗಿಂತ ಈಚೆಗೇ ನಿಲ್ಲಬೇಕು,
ಸುಣ್ಣದ ಗುರುತಿನ ಈಚೆಗೆ ನಿಲ್ಲುವಂತೆ.

ಹೋದ ಕಾರ್ತಿಕದಲ್ಲಿ ಒಂದು ದಿನ ಗಿರಣಿ
ಮಷೀನಿನ ಪೆಡಲಿಗೆ ಮೂಗು ತಾಗಿಸಿ ನಿಂತೇ ಇತ್ತು.
ಹಾಲೇಶಪ್ಪ ಟಾರ್ಚು ಬಿಟ್ಟು ನೋಡಿದರು.
'ಹೋಗ್ಯಾವ್ರಿ. ಎರಡೂ.'
ಚೀಟಿ ಬರೆಯಲಿಲ್ಲ. ಸೈಕಲ್ ಹತ್ತುವಾಗ ಹೇಳಿದರು:
'ಮನ್ಯಾಗ ಸಾಮಾನು ಅತ್ಲಾಗಿತ್ಲಾಗ ಮಾಡಬ್ಯಾಡ್ರಿ.'

ಅವತ್ತಿಂದ ನೆಲದ ಮೇಲೆ ಸುಣ್ಣ ಎಳೆದಿದ್ದೇನೆ,
ಸ್ಟೂಲಿನ ನಾಲ್ಕು ಕಾಲಿಗೆ, ಇಸ್ತ್ರಿ ಮೇಜಿಗೆ,
ನೀರಿನ ಬೋಗುಣಿಗೆ, ಚೂರುಬಟ್ಟೆಯ ಬುಟ್ಟಿಗೆ.
ಕುಬಸದ ಅಳತೆಗೆ ಬಂದವರು ಎಳೆದುಕೊಂಡು ಕೂತರೆ
ಎದ್ದ ಕೂಡಲೇ ಗುರುತಿಗೆ ತಳ್ಳುತ್ತೇನೆ.
ಅತ್ತಿಗೆ ತುಳಜಾ ಗೊಣಗುತ್ತಾಳೆ:
'ಹಬ್ಬಕ್ಕಾದರೂ ಮಂಚ ಆ ಕಡೆ ಹಾಕೋಣ.'
ಮಂಚ ಅಲ್ಲೇ ಇದೆ.

ಸಂಜೆ ಮಂಡಿಪೇಟೆಯ ತಿರುವಿನವರೆಗೆ ನಡೆ.
ಮೆಟ್ಟಿಲು. ಮೋರಿ. ಆಟೋ.
ಮೂರು ಮಾತು ಸಾಕು ಗಿರಣಿಗೆ,
ನಾನು ಹೇಳುತ್ತೇನೆ, ಅದು ಕಾಲು ಎತ್ತಿ ಇಡುತ್ತದೆ.
ಮೊನ್ನೆ ಮದುವೆಮನೆಯಲ್ಲಿ, ಜರಿ ಪಂಚೆಯ ಬೀಗರಿಗೆ
ಗಟ್ಟಿಯಾಗಿ 'ಮೋರಿ!' ಅಂದುಬಿಟ್ಟೆ.
ಪಾಪ, ಅವರೂ ದಾಟಿದರು.

ನಿನ್ನೆ ರಾತ್ರಿ ಕರೆಂಟು ಹೋಯಿತು.
ಬೆಂಕಿಪೊಟ್ಟಣ ಅಡುಗೆಮನೆಯಲ್ಲಿ.
ಮುಂದೆ ಗಿರಣಿಯ ಉಗುರು ಟಿಕ್ ಟಿಕ್,
ಹಿಂದೆ ನಾನು, ಕೈ ಚಾಚದೆ.
ಮೇಜು ಇಲ್ಲಿ, ಬುಟ್ಟಿ ಇಲ್ಲಿ, ಸ್ಟೂಲು ಇಲ್ಲಿ,
ಮೊಣಕಾಲಿಗೆ ಏನೂ ತಾಗಲಿಲ್ಲ.
ಕತ್ತಲಲ್ಲಿ ಮನೆ ಇಷ್ಟು ದೊಡ್ಡದೇ ಅನಿಸಿತು.

ಹೊಸಿಲ ಹತ್ತಿರ ಕಾಲಿಗೆ ಏನೋ ಮೆತ್ತಗೆ ಸಿಕ್ಕಿತು,
ಯಾವ ಗುರುತಿಗೂ ನಿಲ್ಲದ ಒಂದೇ ಸಾಮಾನು,
ಪಾಳಿಗೆ ಹೋಗದೆ ಉಳಿದುಕೊಂಡದ್ದು.
ಪಟ್ ಅಂತ ಒಂದು ಏಟು.

ಮುಟ್ಟಿ ನೋಡಿಕೊಂಡೆ, ಗೀರಿಲ್ಲ.
ಉಗುರು ಸರಿಯಾಗಿಯೇ ಕತ್ತರಿಸಿದ್ದೇನೆ.