ಎಳೆ ಕಡಿದರೆ

ಲೆಕ್ಕದ ಮೇಷ್ಟ್ರಿಗೆ ಕಂಪ್ಯೂಟರ್ ಬರದೆ ಇದ್ದೀತೆ ಎಂದು
ಲ್ಯಾಬಿನ ಬೀಗದ ಕೈ ನನ್ನ ಜೇಬಿಗೆ ಬಿತ್ತು.
ಹನ್ನೆರಡು ಪೆಟ್ಟಿಗೆ. ಒತ್ತಿದರೆ ಏಳುವುದು ಐದು.
ಆರನೆಯದರೊಳಗೆ ಇರುವೆಗಳ ಸಂಸಾರ.
ನಲವತ್ತೊಂದು ಮಕ್ಕಳು, ವಾರಕ್ಕೆ ನಲವತ್ತು ನಿಮಿಷ,
ಅದೂ ಶಿಡ್ಲಘಟ್ಟದ ಕರೆಂಟು ಒಪ್ಪಿದರೆ.

ಭಾಗಿಸಿ ನೋಡಿದೆ:
ತಲೆಗೆ ಐದು ನಿಮಿಷಕ್ಕೆ ಕೊಂಚ ಕಡಿಮೆ.
ಭಾಗಾಕಾರ ಸರಿಯಿತ್ತು. ಬೆಂಚು ಹಾಗೆ ಭಾಗವಾಗಲಿಲ್ಲ.
ಮೌಸು ಸದಾ ಪವನ್‌ತೇಜನ ಮುಷ್ಟಿಯಲ್ಲಿ.
ಅವನ ಮನೆಯಲ್ಲೂ ಒಂದಿದೆ, ಇದಕ್ಕಿಂತ ಹೊಸದು,
ಅದಕ್ಕೇ ಅವನಿಗೆ ಬರುತ್ತದೆ,
ಬರುತ್ತದೆಂದೇ ಅವನ ಕೈಗೆ ಹೋಗುತ್ತದೆ.
ಇದನ್ನು ನಾನು ಬಹಳ ದಿನ ಜಾಣತನ ಎಂದು ಕರೆದೆ.

ಹುಡುಗಿಯರು ಹಿಂದೆ, ಭುಜಗಳ ಸಂದಿಯಲ್ಲಿ
ಪರದೆಯ ಮೂಲೆ ಸಿಕ್ಕಷ್ಟು ನೋಡುತ್ತ.
'ಗೊತ್ತಾಯ್ತಾ?'
'ಆಯ್ತು ಸಾರ್.'
ಗೊತ್ತಾಗಲಿಲ್ಲ ಎನ್ನುವುದಕ್ಕೂ ಒಂದು ಕುರ್ಚಿ ಬೇಕು.

ಪಾಠದಲ್ಲಿ ಒಂದು ಆಮೆ.
ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ, ನಾಲ್ಕು ಸಲ.
ನಲವತ್ತು ಚೌಕ ಬಂದವು, ಒಂದೇ ಅಚ್ಚಿನ ಇಟ್ಟಿಗೆಗಳು.
ತಸ್ಕೀನಳದ್ದು ಬರಲಿಲ್ಲ.
ಸರದಿ ಸಿಗದ ಹುಡುಗಿ
ಲೆಕ್ಕದ ನೋಟಿನ ಹಿಂದಿನ ಹಾಳೆಯಲ್ಲಿ
ಪೆನ್ಸಿಲಿನಿಂದಲೇ ಆಮೆ ಓಡಿಸಿದ್ದಳು:
ಒಂದು ಹೆಜ್ಜೆ, ಒಂದು ಡಿಗ್ರಿ, ಮತ್ತೆ, ಮತ್ತೆ, ಮತ್ತೆ.
ಕೆಳಗೆ, ಒತ್ತಿ ಬರೆದ ಸಾಲು:
ಎಳೆ ಕಡಿದರೆ ನಿಲ್ಲು. ತುದಿ ಹುಡುಕು. ಗಂಟು ಹಾಕು. ಮತ್ತೆ.

ಕೇಳಿದ್ದು ಚೌಕ.
ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ.

ಬಹಳ ಹೊತ್ತು ನೋಡಿದಳು ಅದನ್ನ.
'ನೀವೂ ಇದನ್ನೇ ಬರ್ದಿದ್ದೀರಲ್ಲ ಸಾರ್.
ನಿಮ್ದು ಎಲ್ಲೂ ಕಡಿದಿಲ್ಲ, ಅಷ್ಟೆ.'
ಆಮೇಲೆ ಮೆಲ್ಲಗೆ,
'ಎಳೆ ಕಡೀತು ಅಂತ ಆಮೆಗೆ ಹೆಂಗ್ ಗೊತ್ತಾಗುತ್ತೆ?'
ನನಗೆ ಗೊತ್ತಿರಲಿಲ್ಲ.
ಕುರ್ಚಿ ಇದ್ದೂ ಹೇಳಲಾಗಲಿಲ್ಲ.

ಗೂಡಿನ ಮಾರ್ಕೆಟ್ಟಿನ ಹಿಂದೆ, ಹಬೆ ತುಂಬಿದ ಫಿಲೇಚರು.
ಹುಳು ಬೆಂದ ವಾಸನೆ ಅಂಗಿಗೆ ಹತ್ತಿ
ಮೂರು ದಿನ ಬಿಡಲಿಲ್ಲ.
ಅವಳ ತಾಯಿ ಖಮರುನ್ನೀಸಾ ಕಣ್ಣೆತ್ತಲಿಲ್ಲ.
ಬಿಸಿನೀರಿಗೆ ಬಿಳಚಿ ಸುಕ್ಕಾದ ಬೆರಳು, ಅದರ ಕೆಳಗೆ
ಉರುಳುರುಳುವ ಎಂಟು ಗೂಡು, ಎಂಟೂ ಸೇರಿ ಒಂದು ನೂಲು.
'ಒಂದು ಹೋದ್ರೆ ಕೈಗೆ ಹಗುರ ಆಗ್ತದೆ ಸಾಬ್.
ಎಂಟಕ್ಕೆ ಕಮ್ಮಿ ಆದ್ರೆ ಇನ್ನೊಂದು ಹಾಕೋದು.
ಅದರಲ್ಲೇನಿದೆ?'

ಅದರಲ್ಲೇನಿದೆ.
ಹತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ
'ಕಡಿಮೆ' ಎಂಬ ಚಿಹ್ನೆಯ ಬಾಯಿ ಬಿಡಿಸಿದ್ದೇನೆ,
ಒಮ್ಮೆಯೂ ಅದನ್ನು ಕೈಗೆತ್ತಿ ತೂಗಲಿಲ್ಲ.

ಮುಂದಿನ ವಾರ ಹಾಜರಿ ಪುಸ್ತಕವನ್ನು ಕೆಳಗಿನಿಂದ ಓದಿದೆ.
ಪವನ್‌ತೇಜ ಮೊದಲ ಸಲ ಹಿಂದೆ ನಿಂತು
ಭುಜಗಳ ಸಂದಿಗೆ ಕತ್ತು ಚಾಚಿದ.
ತಸ್ಕೀನಳ ಆಮೆ ಮುಕ್ಕಾಲು ಸುತ್ತು ಬಂದಿತ್ತು,
ಕರೆಂಟು ಹೋಯಿತು.

ನಾನು ಬೀಗ ಹುಡುಕುತ್ತಿದ್ದೆ.
ಅವರಾಗಲೇ ಜಗಲಿಯಲ್ಲಿ.
ಎಂಟು ಮಕ್ಕಳು, ಎಂಟು ದಾರ,
ನಡುವೆ ಕಣ್ಣು ಮುಚ್ಚಿದ ತಸ್ಕೀನ್,
ಎಲ್ಲ ತುದಿಯೂ ಅವಳ ಬೆರಳಿಗೆ.
ಸದ್ದಿಲ್ಲದೆ ಒಬ್ಬರು ಬಿಡಬೇಕು.
ಪವನ್‌ತೇಜ ಬಿಟ್ಟ.
'ಏಳು!'
'ಏಯ್, ಹೆಂಗೇ ಗೊತ್ತಾಯ್ತು? ನೋಡಿದೆ ನೀನು!'
'ಇಲ್ವೋ. ಬಾ, ನೀನು ನಿಲ್ಲು ನಡುವೆ.'
ನಿಂತ. ಮೂರು ಸಲ ತಪ್ಪಿದ.
ಗಂಟೆ ಹೊಡೆದರೂ ಹೋಗಲಿಲ್ಲ.

ಸೊನ್ನೆಯನ್ನು ನಾನು ಅಳಿಸಿಲ್ಲ.
ಅದರ ಮೇಲೆ ಅವಳು ಪೆನ್ಸಿಲಿನಲ್ಲಿ
ಸಣ್ಣ ಸಣ್ಣ ಗಂಟು ಹಾಕಿದ್ದಾಳೆ.

ಇವತ್ತು ಬಾಗಿಲು ತೆಗೆದರೆ
ಐದರಲ್ಲಿ ಇನ್ನೊಂದು ಮಲಗಿದೆ.
ಯಾರೋ ಬೆನ್ನ ಹಿಂದೆ,
'ಹಗುರ ಆಯ್ತು ಸಾರ್.'
ಎಲ್ಲರೂ ನಕ್ಕರು. ನಾನೂ.
ಈಗ ಸ್ಟಾಫ್ ರೂಮಿನಲ್ಲಿ ಕೂತು
ಇಲಾಖೆಗೆ ಏಳನೆಯ ಅರ್ಜಿ ಬರೆಯುತ್ತಿದ್ದೇನೆ,
ತುದಿ ಹುಡುಕುತ್ತ.