ಐಸ್ ಪ್ಲಾಂಟಿನ ಮಾಳಿಗೆಯಲ್ಲಿ ಮಂಗೋಲಿಯಾ

ಹಗಲಿಡೀ ಕೆಳಗೆ ಮಂಜುಗಡ್ಡೆಯ ಲೆಕ್ಕ ಬರೆದು
ಐದೂವರೆಗೆ ಕೈಯೊರೆಸಿ ಮಾಳಿಗೆ ಹತ್ತುತ್ತೇನೆ.
ಮೇಲೆ ತಗಡಿನ ಬೋರ್ಡು,
ಕುಂಬಳೆ ಸಮುದಾಯ ಕಾಲೇಜು, ಮೂರು ಲಿಪಿಗಳಲ್ಲಿ.
ಕನ್ನಡದ ಸಾಲಿನಲ್ಲಿ ಕಾಲೇಜಿನ ದೀರ್ಘ ಉದುರಿದೆ.

ವಿಷಯ: ಅಂತರರಾಷ್ಟ್ರೀಯ ಅಧ್ಯಯನ.
ಈ ಪ್ರಾಯದಲ್ಲಿ ಅದೆಂತಕ್ಕೆ ಎಂದವರಿಗೆ
ಸಂಜೆ ಹೊತ್ತು ಬೇರೆ ಸೀಟು ಇರಲಿಲ್ಲ ಎನ್ನುತ್ತೇನೆ.
ಅದು ಅರ್ಧ ನಿಜ.

ರತೀಶನ್ ಮಾಷ್ ಪಯ್ಯನ್ನೂರಿನಿಂದ ರೈಲಲ್ಲಿ ಬರುತ್ತಾರೆ.
ಮೊದಲ ದಿನ ಹಲಗೆಯ ಮೇಲೆ ಎರಡು ಸೊನ್ನೆ ಸುತ್ತಿ
'ರಂಡು ರಾಜ್ಯಙಳ್ ತಮ್ಮಿಲ್ ಯುದ್ಧಂ ವನ್ನಾಲ್' ಎಂದರು.
ನಾನು ನಿಯತ್ತಾಗಿ ಬರೆದುಕೊಂಡೆ:
ಎರಡು ರಾಜ್ಯಗಳ ನಡುವೆ ಯುದ್ಧ ಬಂದರೆ.
ಬರೆದು, ಕಿಟಕಿಯಾಚೆ ಬಡಗು ದಿಕ್ಕಿಗೆ ನೋಡಿದೆ.
ತಲಪಾಡಿಯಾಚೆಗೆ ಕೊಟ್ಟ ಅಕ್ಕ
ಯುದ್ಧವಾದರೆ ಯಾರ ಕಡೆ?
ನಾಡಿದ್ದು ಅವಳ ಮಗುವಿನ ತೊಟ್ಟಿಲು ಬೇರೆ.

ಮೂರು ವಾರ ಕಳೆದು ಲವೀನಾ ಕ್ರಾಸ್ತಾ ನನ್ನ ಪುಸ್ತಕ ಇಣುಕಿ
ನಕ್ಕು ನಕ್ಕು ಬೆಂಚಿನಿಂದ ಜಾರಿದಳು.
'ಮಾರಾಯ್ತಿ, ಅವರ ರಾಜ್ಯಂ ಅಂದ್ರೆ ನಮ್ಮ ದೇಶ.
ನಮ್ಮ ರಾಜ್ಯ ಅಂದ್ರೆ ಅವರ ಸಂಸ್ಥಾನ.'
'ಹಾಗಾದ್ರೆ ನಮ್ಮ ಸಂಸ್ಥಾನ?'
'ಅದಕ್ಕೆ ರಾಜ ಬೇಕು. ಸತ್ತಿದ್ದಾನೆ.'

ನನ್ನ ಭಾಷೆಯೇನು ಸಾಚಾ ಅಲ್ಲ.
ನೆರೆ ಎಂದರೆ ಪಕ್ಕದವರು,
ನೆರೆ ಎಂದರೆ ಹೊಳೆ ಉಕ್ಕಿ ಜಗಲಿಗೆ ಬರುವುದು.
ಇಬ್ಬರೂ ಕೇಳಿ ಬರುವುದಿಲ್ಲ.
ಗಡಿ ಗೀಚುವ ಕಡ್ಡಿಗೂ ನಾವಿಟ್ಟ ಹೆಸರು
ಸೀಮೆಸುಣ್ಣ.

ಶೀತಲ ಸಮರದ ಪಾಠದ ದಿನ
ಕೆಳಗೆ ಕ್ರಷರ್ ಶುರುವಾಯಿತು.
ಮಾಷ್ ಗಂಟಲೇರಿಸಿದರು, ಬರ್ಲಿನ್ ಗೋಡೆ ನಡುಗಿತು,
ನಲವತ್ತು ವರ್ಷದ ಥಂಡಿಯನ್ನು ಐದೇ ನಿಮಿಷದಲ್ಲಿ ಪುಡಿ ಮಾಡಿ
ಯಾರೋ ಮೀನಿನ ಪೆಟ್ಟಿಗೆಗೆ ತುಂಬಿದರು.

ಡಿಸೆಂಬರಿನಲ್ಲಿ ಅಣಕು ವಿಶ್ವಸಂಸ್ಥೆ. ಚೀಟಿ ಎತ್ತಿದೆವು.
ಮುನಾವರನಿಗೆ ನಾರ್ವೆ. ಲವೀನಾಗೆ ಚಿಲಿ.
ಮೊಗವೀರರ ಜಲಜಾಕ್ಷಿಗೆ ಮಂಗೋಲಿಯಾ,
ಹೆಸರಿಗೂ ಒಂದು ಅಲೆಯಿಲ್ಲದ ನೆಲ.
ಮನೆಯಲ್ಲಿ ಹೇಳಿದರೆ ಅಮ್ಮನಿಗೆ ಒಂದೇ ಚಿಂತೆ:
'ಪಾಪ, ಸಾರಿಗೆ ಎಂತ ಹಾಕ್ತಾರೆ?'

ಪುಸ್ತಕ ಹೇಳುತ್ತದೆ, ಕರಾವಳಿಯಿಲ್ಲದ ದೇಶಕ್ಕೂ
ಕಡಲಿಗೆ ಹೋಗಿಬರುವ ಹಕ್ಕುಂಟು ಎಂದು.
ಆ ಸಾಲಿನ ಕೆಳಗೆ ಎರಡು ಸಲ ಗೆರೆ ಎಳೆದೆ.
ಉಳಿದರ್ಧ ನಿಜ ಅಲ್ಲಿತ್ತು:
ಹೋದ ವರ್ಷ ಉಳ್ಳಾಲದ ನೇರಕ್ಕೆ, ನಡುನೀರಿನಲ್ಲಿ
ತಮ್ಮನ ದೋಣಿ ಹಿಡಿದರು, ಗಡಿ ದಾಟಿದೆ ಎಂದು.
'ಎಲ್ಲುಂಟು, ತೋರಿಸಿ' ಎಂದ ಅವನು.
ದಂಡದ ಚೀಟಿ ತೋರಿಸಿದರು.

ನನ್ನ ಸರದಿ ಬಂತು. ಇಂಗ್ಲಿಷು ಮೆಟ್ಟಿಲಲ್ಲೇ ನಿಂತಿತ್ತು,
ಮಲಯಾಳ ಗಂಟಲಿನವರೆಗೆ ಬಂದು ಕೂತಿತು.
ಎದ್ದು ಕನ್ನಡದಲ್ಲಿ ಎಂದೆ:
ಮಾನ್ಯ ಅಧ್ಯಕ್ಷರೇ, ಮಂಗೋಲಿಯಾದಲ್ಲಿ ಕಡಲಿಲ್ಲ.
ಆದರೂ ಒಂದು ಗಡ್ಡೆ ಐಸಿಗೆ ಎಷ್ಟು ಬೂತಾಯಿ
ಎಷ್ಟು ಹೊತ್ತು ತಾಳುತ್ತದೆ ಎಂದು ನಮಗೆ ಗೊತ್ತು.
ನೀರಿನ ಮೇಲೆ ಗೆರೆ ಎಳೆಯುವವರು
ದೋಣಿಯಲ್ಲಿ ಕೂತವನಿಗೆ ಕಾಣುವ ಹಾಗೆ ಎಳೆಯಿರಿ.
ಆಗದಿದ್ದರೆ ಬಲೆ ಬಿಟ್ಟುಬಿಡಿ,
ಅದಾದರೂ ಅವನದು.

ಚಿಲಿ ಎದ್ದು ನಿಂತು ಮಲಯಾಳಕ್ಕೆ ತಿರುಗಿಸಿತು.
'ಬಲೆ' ಬಂದಾಗ ನಾರ್ವೆ ಬ್ಯಾರಿಯಲ್ಲಿ ತಿದ್ದಿತು.
ಪರ ಐದು, ವಿರುದ್ಧ ಏಳು. ಬಿದ್ದುಹೋಯಿತು.

ಮೆಟ್ಟಿಲಿಳಿಯುವಾಗ ಮಾಷ್ ಕೇಳಿದರು,
ರಾಜ್ಯಂ ಎಂಬುದಕ್ಕೆ ನಿಮ್ಮಲ್ಲಿ ಏನು ಹೇಳುತ್ತೀರಿ?
ದೇಶ ಎಂದೆ.
ಅವರು ಅಲ್ಲೇ ನಿಂತು, ನಕ್ಕು,
'ನನ್ನ ಅಜ್ಜಿಗೆ ದೇಶಂ ಎಂದರೆ ಊರು.
ದೇವಸ್ಥಾನದ ಕೆರೆಯಿಂದ ಪೇಟೆಯವರೆಗೆ, ಅಷ್ಟೇ' ಎಂದು
ಏಳೂಕಾಲರ ಗಾಡಿಗೆ ಓಡಿದರು.

ಕೆಳಗೆ ದೀಪ ಉರಿಯುತ್ತಿತ್ತು.
ನಾಳೆಯ ಡಬ್ಬಿಗಳಿಗೆ ನೀರು ಬಿಟ್ಟೆ,
ಒಂದು ತುಂಬಿ ಇನ್ನೊಂದಕ್ಕೆ ಚೆಲ್ಲುತ್ತಿತ್ತು.
ಬೆಳಗ್ಗೆ ಆರಕ್ಕೆ ಗಟ್ಟಿಯಾಗಬೇಕು.